ಕೊಳವೆಬಾವಿಯ ಕಲ್ಲುಪುಡಿ: ನಾವೇ ಹಣ ಕೊಟ್ಟು ಎಸೆಯುವ ದಾಖಲೆ



ಈ ಸಲ ಅಡಿಕೆ ಧಾರಣೆಯನ್ನಾಗಲಿ, ಕೊಳೆ ಔಷಧಿಯನ್ನಾಗಲಿ, ಕಾಫಿಯ ಹೂಮಳೆಯನ್ನಾಗಲಿ ಕುರಿತು ಬರೆಯದೆ ಕಲ್ಲಿನ ವಿಷಯ ಬರೆಯಲು ಹೊರಟಿದ್ದೇವೆ. ಕಾರ್ಯದರ್ಶಿಗಳಿಗೆ ಬೇರೆ ಕೆಲಸವಿಲ್ಲವೆ ಎಂದು ಕೆಲವರಾದರೂ ಅಂದುಕೊಳ್ಳುವುದು ಸಹಜ. ಕೊನೆಯವರೆಗೆ ಓದಿ, ಆಮೇಲೆ ಹಾಗೆನ್ನಿ ಎಂದಷ್ಟೇ ನಮ್ಮ ಅರಿಕೆ.

ನಮ್ಮ ಮನೆಯದೇ ಕಥೆಯಿಂದ ಪ್ರಾರಂಭಿಸುತ್ತೇವೆ. ಕೆಲವು ವರ್ಷಗಳ ಹಿಂದೆ ತೋಟದ ತಲೆಕಡೆ ಬ್ಯಾಣದ ಅಂಚಿನಲ್ಲಿ ಒಂದು ಕೊಳವೆಬಾವಿ ತೆಗೆಸಿದೆವು. 210 ಅಡಿಗೆ ನೀರು ಬಂತು. ಮೂರು ಬೇಸಿಗೆ ಚೆನ್ನಾಗಿ ನಡೆದು, ನಾಲ್ಕನೆಯ ಬೇಸಿಗೆಯ ಮಾರ್ಚಿ ತಿಂಗಳಿನಲ್ಲಿ ಗಾಳಿ ಉಗುಳತೊಡಗಿತು. ಗಾಬರಿಯಿಂದ ಮತ್ತೊಂದು ಕಡೆ ತೋರಿಸಿ ಎರಡನೆಯದನ್ನು ಕೊರೆಸಿದೆವು. 480 ಅಡಿ ಹೋದರೂ ಧೂಳೇ. ಸಾಲ ಮಾತ್ರ ಉಳಿಯಿತು. ಒಂದು ಸಂಜೆ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ನಮಗೇ ನಾಚಿಕೆಯಾಯಿತು. ಎರಡು ಬಾವಿಗಳಿಗೂ ಸೇರಿ ನಮ್ಮ ಹತ್ತಿರ ಇದ್ದುದು ಹಣ ಕೊಟ್ಟ ಎರಡು ರಸೀದಿಗಳು ಮಾತ್ರ. ಎಷ್ಟನೆಯ ಅಡಿಗೆ ಮಣ್ಣು ಮುಗಿದು ಕಲ್ಲು ಸಿಕ್ಕಿತು, ಎಷ್ಟನೆಯ ಅಡಿಗೆ ಪುಡಿಯ ಬಣ್ಣ ಬದಲಾಯಿತು, ನೀರು ಬಂದ ಜಾಗದಲ್ಲಿ ಯಾವ ಕಲ್ಲಿತ್ತು ಎಂಬುದೊಂದೂ ಬರೆದಿರಲಿಲ್ಲ. ಒಂದು ಕ್ವಿಂಟಲ್ ಅಡಿಕೆಗೆ ಹತ್ತು ಕಡೆ ಸಹಿ ಹಾಕುವ ನಾವು, ಒಂದು ವರ್ಷದ ಫಸಲಿನ ಹಣ ನುಂಗುವ ಬಾವಿಗೆ ಒಂದು ಸಾಲನ್ನೂ ಬರೆದಿಟ್ಟಿರಲಿಲ್ಲ.

ಬಾವಿ ಕೊರೆಯುವಾಗ ಆಳದ ಬಂಡೆ ಪುಡಿಯಾಗಿ ಮೇಲೆ ಬಂದು ರಾಶಿ ಬೀಳುತ್ತದೆ. ಮಾರನೆಯ ದಿನ ಅದನ್ನು ಕಾಲುದಾರಿಗೆ ಎಳೆದು ಹಾಕುತ್ತೇವೆ, ಇಲ್ಲವೆ ಮಳೆಗೆ ಬಿಟ್ಟುಬಿಡುತ್ತೇವೆ. ಆ ಪುಡಿಯೇ ಬಂಡೆಯ ದಾಖಲೆ, ಅದಕ್ಕೆ ಬೆಲೆ ತೆತ್ತವರು ನಾವೇ, ಅದನ್ನು ಎಸೆಯುವುದು ಸಲ್ಲ ಎಂಬುದು ಈ ಲೇಖನದ ಸಾರ. ಮುಖ್ಯವಾಗಿ ಬಂಡೆಯ ಬಿರುಕುಗಳಲ್ಲಿ ಕೂತಿರುವ ಖನಿಜಗಳ ಚೂರುಗಳು ಆ ಪುಡಿಯಲ್ಲಿರುತ್ತವೆ. ಅವು ಏನು ಹೇಳುತ್ತವೆ ಎಂಬುದನ್ನು ನಮಗೆ ತಿಳಿದಮಟ್ಟಿಗೆ ವಿವರಿಸುತ್ತೇವೆ.

ನಮ್ಮ ಕಾಲಡಿಯಲ್ಲಿ ಏನಿದೆ?

ಆನಂದಪುರವನ್ನು ನಡುವಿಟ್ಟುಕೊಂಡು ನೋಡೋಣ. ಪೂರ್ವಕ್ಕೆ ಕುಂಸಿಯ ಕಡೆ ಹೋದರೆ ಹಿಂದೆ ಮ್ಯಾಂಗನೀಸ್ ತೆಗೆದ ಗಣಿಗಳ ನೆಲ. ಪಶ್ಚಿಮಕ್ಕೆ ಸಾಗರದ ಕಡೆ ಹೋದರೆ ಮೈಲಿಗಟ್ಟಲೆ ಜಂಬಿಟ್ಟಿಗೆ. ದಕ್ಷಿಣಕ್ಕೆ ಹೊಸನಗರ, ತೀರ್ಥಹಳ್ಳಿಗಳ ಕಡೆ ಇಳಿದರೆ ಹೊಳೆಪಾತ್ರದಲ್ಲಿ ಬೂದುಬಣ್ಣದ, ಬಿಳಿ ಕಪ್ಪು ಪಟ್ಟೆಗಳ ಹಾಸುಬಂಡೆ. ಮಲಂದೂರಿನ ಚಂಪಕ ಸರಸಿಯ ಕೊಳವನ್ನು ನೋಡಿದವರಿಗೆ ಕೆಳದಿ ಅರಸರ ಕಾಲದವರು ಜಂಬಿಟ್ಟಿಗೆಯನ್ನು ಎಷ್ಟು ನಾಜೂಕಾಗಿ ಕಡಿಯುತ್ತಿದ್ದರೆಂಬುದು ಗೊತ್ತು. ಆದರೆ ಜಂಬಿಟ್ಟಿಗೆ ನಮ್ಮ ನೆಲದ ಮೇಲುಹೊದಿಕೆ ಮಾತ್ರ. ಅದರ ಕೆಳಗೆ ಶೇಡಿ ಮಣ್ಣು, ಅದರ ಕೆಳಗೆ ಅರ್ಧ ಕೊಳೆತ ಕಲ್ಲು, ಅದರಾಚೆಗೆ ಗಟ್ಟಿ ಬಂಡೆ. ತೋಡುಬಾವಿ ತೆಗೆದ ನಮ್ಮ ಹಿರಿಯರಿಗೆ ಈ ಕ್ರಮ ಬಾಯಿಪಾಠವಾಗಿತ್ತು.

ಆ ಗಟ್ಟಿ ಬಂಡೆಯಲ್ಲಿ ಮುಖ್ಯವಾಗಿ ಎರಡು ಕುಲಗಳಿವೆ. ಒಂದು, ಪೆನಿನ್ಸುಲರ್ ನೈಸ್ ಎಂದು ಭೂವಿಜ್ಞಾನಿಗಳು ಕರೆಯುವ ಪಟ್ಟೆಗಲ್ಲು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇದೇ ಜಾತಿಯದು. ಪಶ್ಚಿಮ ಕರ್ನಾಟಕದ ಈ ನೈಸಿನ ವಯಸ್ಸು ಬಹುಪಾಲು 300 ಕೋಟಿ ವರ್ಷಗಳನ್ನು ಮೀರಿದ್ದು. ಇನ್ನೊಂದು, ಅದರ ಮೇಲೆ ಕೂತ ಧಾರವಾಡ ಶಿಲಾವರ್ಗ. ಅಂದರೆ ಸಮುದ್ರದ ತಳದ ಕೆಸರು, ಮರಳು ಮತ್ತು ಜ್ವಾಲಾಮುಖಿಯ ಲಾವಾ ಕಾಲಾಂತರದಲ್ಲಿ ಬೆಂದು, ಮಡಿಸಿ, ಪದರಗಲ್ಲಾದದ್ದು. ಶಿವಮೊಗ್ಗದ ಸುತ್ತಣ ಈ ಪದರಗಲ್ಲಿನ ಪಟ್ಟಿಯಲ್ಲಿರುವ ಕೆಲವು ಜ್ವಾಲಾಮುಖಿ ಶಿಲೆಗಳಿಗೆ ಸುಮಾರು 260 ಕೋಟಿ ವರ್ಷ. ಧಾರವಾಡ ಎಂಬ ಹೆಸರನ್ನು ಈ ಶಿಲೆಗಳಿಗೆ ಕೊಟ್ಟವರು ರಾಬರ್ಟ್ ಬ್ರೂಸ್ ಫೂಟ್. 1894ರಲ್ಲಿ ಮೈಸೂರು ಸಂಸ್ಥಾನದಲ್ಲಿ ಭೂವಿಜ್ಞಾನ ಇಲಾಖೆ ಪ್ರಾರಂಭವಾದಾಗ ಅದನ್ನು ಕಟ್ಟಿದವರೂ ಅವರೇ. ಮುಂದೆ ಆ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಬಿ. ಪಿ. ರಾಧಾಕೃಷ್ಣ ಅವರು ಅಂತರ್ಜಲದ ವಿಷಯವನ್ನು ನಮ್ಮಂಥವರಿಗೆ ತಿಳಿಯುವ ಕನ್ನಡದಲ್ಲಿಯೂ ಬರೆದರು.

ಇಂಥ ಬಂಡೆಯ ಮೈಯಲ್ಲಿ ನೀರು ಇರುವುದಿಲ್ಲ. ಮರಳಿನಲ್ಲಿರುವಂತೆ ಕಣಕಣದ ನಡುವೆ ಜಾಗ ಇದರಲ್ಲಿಲ್ಲ. ನೀರು ಇರುವುದು ಬಿರುಕುಗಳಲ್ಲಿ ಮಾತ್ರ. ಬಾವಿ ಬಿರುಕನ್ನು ಮುಟ್ಟಿದರೆ ನೀರು, ತಪ್ಪಿದರೆ ಧೂಳು. ನಮ್ಮ ಎರಡನೆಯ ಬಾವಿ 480 ಅಡಿ ಹೋಗಿ ತಪ್ಪಿದ್ದು ಇದನ್ನೇ, ಅಥವಾ ಮುಟ್ಟಿದ್ದು ಮುಚ್ಚಿಹೋಗಿದ್ದ ಬಿರುಕನ್ನು.

ಮುಚ್ಚಿಹೋದ ಬಿರುಕು ಎಂದರೇನು?

ಬಯಲುಸೀಮೆಯ ನೆಂಟರ ಮನೆಯಲ್ಲಿ ಸ್ನಾನದ ಹಂಡೆಯ ತಳ ನೋಡಿದ್ದೀರಷ್ಟೆ. ವರ್ಷಗಟ್ಟಲೆ ಗಡಸುನೀರು ಕಾದು ಕಾದು ತಳದಲ್ಲಿ ಬಿಳಿಯ ಕಿಟ್ಟ ಪದರಪದರವಾಗಿ ಕೂತಿರುತ್ತದೆ. ಬಂಡೆಯ ಬಿರುಕಿನಲ್ಲಿ ನಡೆಯುವುದೂ ಅದೇ. ಬಿರುಕಿನಲ್ಲಿ ಹರಿದ ನೀರು ತನ್ನಲ್ಲಿ ಕರಗಿದ್ದನ್ನು ಎರಡು ಬದಿಯ ಗೋಡೆಗಳಿಗೆ ಮೆತ್ತುತ್ತ ಹೋಗುತ್ತದೆ. ಗೋಡೆಗೆ ಅಂಟಿದ ಪದರ ಹಳೆಯದು, ನಡುವಿನ ಪದರ ಹೊಸದು. ಹಳೆಯ ಮನೆಯ ಗೋಡೆ ಕೆರೆದರೆ ಸುಣ್ಣದ ಮೇಲೆ ಸುಣ್ಣ ಬಳಿದದ್ದು ಕಾಣುವಂತೆ ಇಲ್ಲಿಯೂ ಕಾಲದ ಮೇಲೆ ಕಾಲ ಕೂತಿರುತ್ತದೆ. ಒಂದು ಬಿಳಿ ಗೆರೆಯನ್ನು ಹಸಿರು ಗೆರೆ ಕತ್ತರಿಸಿ ಹೋಗಿದ್ದರೆ ಹಸಿರು ಗೆರೆ ಆಮೇಲಿನದೆಂದು ತಿಳಿಯಲು ಯಾವ ಯಂತ್ರವೂ ಬೇಡ.

ಯಾವ ಖನಿಜ ಕೂತಿದೆ ಎಂಬುದು ಅಂದಿನ ನೀರು ಎಂಥದ್ದು ಎಂಬುದನ್ನು ಹೇಳುತ್ತದೆ. ಪಿಸ್ತಾ ಹಸಿರಿನ ಎಪಿಡೋಟ್ ಮತ್ತು ಕಡುಹಸಿರಿನ ಕ್ಲೋರೈಟ್ ಇದ್ದರೆ ಬಂಡೆ ಆಳದಲ್ಲಿದ್ದಾಗ ನೂರಾರು ಡಿಗ್ರಿ ಬಿಸಿಯ ನೀರು ಅಲ್ಲಿ ಓಡಾಡಿತ್ತೆಂದು ಅರ್ಥ. ಬಿಳಿಯ ಬೆಣಚುಕಲ್ಲು ಕೂಡ ಸಾಮಾನ್ಯವಾಗಿ ಬಿಸಿನೀರಿನ ಕೊಡುಗೆ. ಸುಣ್ಣದ ಖನಿಜವಾದ ಕ್ಯಾಲ್ಸೈಟ್ ಬಿಸಿಯಲ್ಲೂ ತಣ್ಣನೆಯ ನೀರಿನಲ್ಲೂ ಕೂರಬಲ್ಲದು. ಹಿತ್ತಾಳೆಯಂತೆ ಹೊಳೆಯುವ ಪೈರೈಟ್ ಕಬ್ಬಿಣ ಮತ್ತು ಗಂಧಕ ಸೇರಿ ಆದದ್ದು. ಗಾಳಿಯ ಆಮ್ಲಜನಕವಿಲ್ಲದ ನೀರಿನಲ್ಲಿ ಮಾತ್ರ ಅದು ಬಾಳುತ್ತದೆ. ಕೊನೆಯಲ್ಲಿ ಶೇಡಿಯಂಥ ಜೇಡಿ, ತುಕ್ಕಿನ ಕೆಂಪು, ಮ್ಯಾಂಗನೀಸಿನ ಕಪ್ಪು. ಇವು ನೆಲದ ಮೇಲಿನ ಮಳೆನೀರು ಇಳಿದ ಗುರುತುಗಳು. ಒಡೆದ ಕಲ್ಲಿನ ಮೈಮೇಲೆ ಜರೀಗಿಡದ ಎಲೆಯಂಥ ಕಪ್ಪು ಚಿತ್ತಾರ ಕಂಡು ಇದು ಪುರಾತನ ಕಾಲದ ಗಿಡವೆಂದು ಕೆಲವರು ನಮ್ಮ ಕಚೇರಿಗೆ ತಂದು ತೋರಿಸಿದ್ದುಂಟು. ಅದು ಗಿಡವಲ್ಲ, ಬಿರುಕಿನಲ್ಲಿ ಹರಿದ ನೀರು ಬರೆದ ಮ್ಯಾಂಗನೀಸಿನ ಚಿತ್ರ.

ನೀರು ಎಷ್ಟು ಬಿಸಿಯಿತ್ತೆಂದು ಅಳೆಯುವ ಕ್ರಮವೂ ಇದೆ. ಬೆಣಚುಕಲ್ಲು ಬೆಳೆಯುವಾಗ ಅಂದಿನ ನೀರಿನ ಅತಿಸಣ್ಣ ಹನಿಗಳನ್ನು ತನ್ನೊಳಗೆ ಸೆರೆಹಿಡಿದುಕೊಂಡಿರುತ್ತದೆ. ತಣಿದ ಮೇಲೆ ಆ ಹನಿ ಕುಗ್ಗಿ ಒಳಗೊಂದು ಗುಳ್ಳೆ ಉಂಟಾಗುತ್ತದೆ. ಕಲ್ಲಿನ ತೆಳುಪದರವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನಿಧಾನವಾಗಿ ಕಾಯಿಸಿದರೆ ಒಂದು ಹಂತದಲ್ಲಿ ಗುಳ್ಳೆ ಮಾಯವಾಗುತ್ತದೆ. ಹನಿ ಸೆರೆಸಿಕ್ಕಾಗ ಕನಿಷ್ಠ ಅಷ್ಟು ಬಿಸಿಯಿತ್ತೆಂದು ಲೆಕ್ಕ. ಈ ಹನಿಗಳ ಮಹತ್ವವನ್ನು ಇಂಗ್ಲೆಂಡಿನ ಹೆನ್ರಿ ಸಾರ್ಬಿ 1858ರಲ್ಲಿಯೇ ವಿವರಿಸಿದ್ದರು. ಕೋಟ್ಯಂತರ ವರ್ಷ ಹಿಂದಿನ ನೀರಿನ ಹನಿ ಇನ್ನೂ ಕಲ್ಲಿನೊಳಗೆ ಒದ್ದೆಯಾಗಿಯೇ ಇದೆ ಎಂಬುದನ್ನು ಕೇಳಿದಾಗ ನಮಗಂತೂ ಆಶ್ಚರ್ಯವಾಯಿತು.

ಬಿರುಕು ಓದಿದವರ ಉದಾಹರಣೆಗಳು

ಇದು ಬರೀ ಪುಸ್ತಕದ ಮಾತಲ್ಲ. ಕೋಲಾರದ ಚಿನ್ನ ಇದ್ದದ್ದೆಲ್ಲಿ? ಹಳೆಯ ಬಂಡೆಯ ಬಿರುಕುಗಳನ್ನು ತುಂಬಿದ ಬೆಣಚಿನ ಸಾಲುಗಳಲ್ಲಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದಿಂದ ಎದ್ದ ಬಿಸಿನೀರು ಸಿಲಿಕವನ್ನೂ ಚಿನ್ನವನ್ನೂ ಒಟ್ಟಿಗೆ ತಂದು ಬಿರುಕಿನಲ್ಲಿಟ್ಟಿತು. ಆ ಸಾಲನ್ನು ಹಿಂಬಾಲಿಸಿಯೇ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು, 2001ರಲ್ಲಿ ಮುಚ್ಚಿತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಅಂಥ ಸಾಲುಗಳಿಂದ ಚಿನ್ನ ತೆಗೆಯುತ್ತಿದ್ದಾರೆ. ನಮಗೆ ಹತ್ತಿರದ ಹೊನ್ನಾಳಿ ಸೀಮೆಯಲ್ಲೂ ಬೆಣಚಿನ ಸಾಲುಗಳನ್ನು ಹುಡುಕಿ ಚಿನ್ನ ತೋಡಿದ ಹಳೆಯ ಕುಳಿಗಳಿವೆ. ಬಿರುಕಿನ ಖನಿಜ ಓದುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ, ಚಿನ್ನದ ಆಸೆಗೆ ಅದನ್ನು ಓದಿದ್ದೇವೆ, ನೀರಿನ ಅಗತ್ಯಕ್ಕೆ ಓದಿಲ್ಲ, ಅಷ್ಟೆ.

ಎರಡನೆಯ ಉದಾಹರಣೆ ಬಳ್ಳಾರಿ ಸೀಮೆಯ ಸಂಡೂರಿನದು. ಅಲ್ಲಿಯ ಮ್ಯಾಂಗನೀಸ್ ಅದಿರಿನ ಒಂದು ಭಾಗ ಆಳದ ಬಿಸಿನೀರಿನಿಂದ ಆದದ್ದಲ್ಲ, ಮಳೆನೀರು ಬಂಡೆಯನ್ನು ಕೊಳೆಸುತ್ತ ಕರಗಿಸಿ ತಂದು ಕೂರಿಸಿದ್ದು. ಆ ಕಪ್ಪು ಖನಿಜದಲ್ಲಿ ಸ್ವಲ್ಪ ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಮ್ಮಿನ ಒಂದು ಬಗೆ ಬಹಳ ನಿಧಾನವಾಗಿ, ಗೊತ್ತಾದ ದರದಲ್ಲಿ ಆರ್ಗಾನ್ ಅನಿಲವಾಗುತ್ತದೆ. ಅನಿಲ ಎಷ್ಟು ಕೂಡಿದೆಯೆಂದು ಅಳೆದರೆ ಖನಿಜ ಕೂತು ಎಷ್ಟು ವರ್ಷವಾಯಿತೆಂದು ತಿಳಿಯುತ್ತದೆ. ಹೀಗೆ ಅಳೆದು 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಅಲ್ಲಿಯ ಖನಿಜ ಕೂತದ್ದು ಸುಮಾರು ಎರಡೂವರೆಯಿಂದ ಮೂರೂವರೆ ಕೋಟಿ ವರ್ಷಗಳ ಹಿಂದೆ. ಅಂದರೆ ಬಂಡೆ ನೂರಾರು ಕೋಟಿ ವರ್ಷ ಹಳೆಯದಾದರೂ ಅದನ್ನು ಮಳೆ ಕೊಳೆಸಿದ ದೊಡ್ಡ ಅಧ್ಯಾಯ ತೀರ ಈಚಿನದು. ಉಡುಪಿಯ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು ಹುಟ್ಟಿ ಸುಮಾರು 9 ಕೋಟಿ ವರ್ಷವಾಯಿತು, ಆಗ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬೇರೆಯಾಗುತ್ತಿತ್ತು. ನಮ್ಮ ಜಂಬಿಟ್ಟಿಗೆ, ಶೇಡಿಗಳನ್ನೂ ಈ ಈಚಿನ ಕಾಲದ ಲೆಕ್ಕದಲ್ಲಿಯೇ ನೋಡಬೇಕು.

ಮೂರನೆಯದು ದೂರದ್ದು. ಸ್ವೀಡನ್ ಮತ್ತು ಫಿನ್ಲೆಂಡ್ ದೇಶಗಳ ಬಂಡೆಯೂ ನಮ್ಮಂತೆಯೇ ಹಳೆಯ ಕುಲದ್ದು, ಸುಮಾರು 180ರಿಂದ 190 ಕೋಟಿ ವರ್ಷದ್ದು. ಅಣುವಿದ್ಯುತ್ ಕೇಂದ್ರದ ತ್ಯಾಜ್ಯವನ್ನು ಅಂಥ ಬಂಡೆಯ ಒಳಗೆ ಸುಮಾರು 400 ಮೀಟರಿಗೂ ಆಳದಲ್ಲಿ ಹೂಳುವುದೆಂದು ಆ ದೇಶಗಳು ನಿರ್ಧರಿಸಿದವು. ಹೂತದ್ದರ ಹತ್ತಿರ ಲಕ್ಷ ವರ್ಷ ನೀರು ಸುಳಿಯಬಾರದು. ಮುಂದಿನ ಲಕ್ಷ ವರ್ಷದ ಮಾತನ್ನು ಯಾರು ಹೇಳಬಲ್ಲರು? ಹಿಂದಿನದನ್ನು ನೋಡಿ ಮುಂದಿನದನ್ನು ಅಂದಾಜು ಮಾಡೋಣವೆಂದು ಅವರು ಬಿರುಕಿನ ಖನಿಜಗಳನ್ನು ಅಡಿ ಅಡಿಗೂ ಪರೀಕ್ಷಿಸಿದರು. ಸ್ವೀಡನ್ನಿನ ಎಸ್ಪೋ ಎಂಬಲ್ಲಿ ಇದಕ್ಕೆಂದೇ ಸುಮಾರು 450 ಮೀಟರ್ ಆಳದವರೆಗೆ ಸುರಂಗ ಕೊರೆದು ಪ್ರಯೋಗಶಾಲೆ ಮಾಡಿದರು. ಆ ಸೀಮೆಯ ಒಂದೇ ಬಂಡೆಯಲ್ಲಿ ಬೇರೆ ಬೇರೆ ಕಾಲದಲ್ಲಿ ತೆರೆದು ಮುಚ್ಚಿದ ಬಿರುಕುಗಳು ಕಂಡವು. ಕೆಲವು 100 ಕೋಟಿ ವರ್ಷಕ್ಕೂ ಹಿಂದಿನವು, ಕೆಲವು 40 ಕೋಟಿ ವರ್ಷದ ಆಸುಪಾಸಿನವು. ತುಕ್ಕಿನ ಕೆಂಪು ಹೆಚ್ಚಾಗಿ ಮೇಲಿನ ಕೆಲವು ಹತ್ತು ಮೀಟರುಗಳಲ್ಲಿ ಮಾತ್ರ ಇದ್ದು, ಅದರ ಕೆಳಗೆ ಪೈರೈಟ್ ಹೊಳಪು ಕೆಡದೆ ಇತ್ತು. ಗಾಳಿಯಾಡಿದ ಮಳೆನೀರು ಸಾಮಾನ್ಯವಾಗಿ ಎಷ್ಟು ಆಳಕ್ಕೆ ಇಳಿಯುತ್ತದೆಂಬುದಕ್ಕೆ ಬಂಡೆಯೇ ಸಾಕ್ಷಿ ನುಡಿದಂತಾಯಿತು.

ಇದರಿಂದ ಬೆಳೆಗಾರನಿಗೇನು?

ಈ ಮೂರನೆಯ ಉದಾಹರಣೆಯೇ ನಮ್ಮ ಲೇಖನಕ್ಕೆ ಕಾರಣ. ಅವರು ನೀರು ಬರಬಾರದೆಂದು ಓದಿದ್ದನ್ನು ನಾವು ನೀರು ಬೇಕೆಂದು ಓದಬಹುದಲ್ಲವೆ?

ನಮ್ಮ ಸಂಘದ ಭಾಷೆಯಲ್ಲಿಯೇ ಹೇಳುವುದಾದರೆ ನೆಲದೊಳಗಿನ ನೀರಿನಲ್ಲಿ ಎರಡು ಖಾತೆಗಳಿವೆ. ಒಂದು ಚಾಲ್ತಿ ಖಾತೆ. ಮಳೆಗಾಲದಲ್ಲಿ ಜಮಾ, ಬೇಸಿಗೆಯಲ್ಲಿ ಖರ್ಚು. ಇನ್ನೊಂದು ಯಾರೋ ಹಿರಿಯರು ಯಾವಾಗಲೋ ಇಟ್ಟ ಠೇವಣಿ. ಅದಕ್ಕೆ ಹೊಸ ಜಮೆ ಬಹಳ ಕಡಮೆ. ನಮ್ಮ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಷ್ಟು ಮಳೆಯ ನಾಡಿನಲ್ಲಿ ಕೊಳವೆಬಾವಿ ಯಾಕೆ ಬತ್ತುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಮಳೆಯ ಬಹುಪಾಲು ಜಂಬಿಟ್ಟಿಗೆಯ ಹೊದಿಕೆಯಲ್ಲೇ ಇಳಿದು, ಪಕ್ಕಕ್ಕೆ ಹರಿದು, ಹಳ್ಳ ಸೇರಿ ಹೋಗುತ್ತದೆ. 500 ಅಡಿಯ ಬಿರುಕಿಗೆ ಅದು ತಲುಪುವುದೆಂಬ ಭರವಸೆಯಿಲ್ಲ. ನಮ್ಮ ಮೊದಲ ಬಾವಿ ಮೂರು ವರ್ಷ ನಡೆದದ್ದು ಠೇವಣಿ ಕರಗಿಸಿಯೇ ಇರಬಹುದೆಂದು ಈಗ ನಮಗೆ ಅನುಮಾನ. ಪುಡಿ ಇಟ್ಟಿದ್ದರೆ ಅನುಮಾನದ ಬದಲು ಒಂದಿಷ್ಟು ಉತ್ತರವೇ ಸಿಗುತ್ತಿತ್ತು.

ಪುಡಿಯಲ್ಲಿ ಏನನ್ನು ನೋಡಬೇಕೆಂದರೆ, ಮೊದಲನೆಯದು ತುಕ್ಕಿನ ಬಣ್ಣ. ಗಟ್ಟಿ ಬಂಡೆ ಪ್ರಾರಂಭವಾದ ಮೇಲೂ ಚೂರುಗಳ ಒಂದು ಮೈ ಕೆಂಪಾಗಿ ಕಂಡರೆ ಆ ಬಿರುಕಿನಲ್ಲಿ ಗಾಳಿಯಾಡಿದ ನೀರು ಓಡಾಡಿದೆ. ಮಳೆಯ ಜಮೆ ಅಲ್ಲಿಯವರೆಗೆ ಬರುವ ಸಂಭವ ಹೆಚ್ಚು. ಪೈರೈಟ್ ಹೊಳೆಯುತ್ತಲೇ ಇದ್ದರೆ ಅಲ್ಲಿ ಮಳೆನೀರಿನ ಓಡಾಟ ಕಡಮೆ. ನೀರು ಸಿಕ್ಕರೂ ಅದು ಠೇವಣಿಯ ನೀರಾಗಿರಬಹುದು, ಪಂಪಿನ ಗಾತ್ರ ಮತ್ತು ನಡೆಸುವ ಗಂಟೆಗಳನ್ನು ಅದಕ್ಕೆ ತಕ್ಕಂತೆ ಹಿಡಿತದಲ್ಲಿಡಬೇಕು.

ಎರಡನೆಯದು ಸುಣ್ಣದ ಖನಿಜ. ಮಳೆನೀರಿನಲ್ಲಿ ಸ್ವಲ್ಪ ಇಂಗಾಲಾಮ್ಲ ಕರಗಿರುತ್ತದೆ, ಆ ಹುಳಿ ಸುಣ್ಣವನ್ನು ಕರಗಿಸುತ್ತದೆ. ನಮ್ಮ ತೋಟಗಳಿಗೆ ಸುಣ್ಣ ಹಾಕಬೇಕಾಗಿ ಬಂದಿರುವುದೂ ಮಳೆ ಮಣ್ಣಿನ ಸುಣ್ಣವನ್ನು ತೊಳೆದುಕೊಂಡು ಹೋಗುವುದರಿಂದಲೇ. ಆದ್ದರಿಂದ ಮೇಲಿನ ಬಿರುಕುಗಳಲ್ಲಿ ಕ್ಯಾಲ್ಸೈಟ್ ಇರದೆ, ಒಂದು ಆಳದಿಂದ ಕೆಳಗೆ ಕಾಣಿಸಿಕೊಳ್ಳತೊಡಗಿದರೆ ಮಳೆನೀರಿನ ಹುಳಿ ಎಲ್ಲಿಯವರೆಗೆ ಕೆಲಸ ಮಾಡಿದೆಯೆಂಬುದಕ್ಕೆ ಅದೊಂದು ಗುರುತು.

ಮೂರನೆಯದು ಬೆಣಚು ಮತ್ತು ಜೇಡಿ. ಬೆಣಚಿನ ಸಾಲು ಗಡಸು, ಆದರೆ ಪೆಡಸು. ನೆಲ ಅಲುಗಿದಾಗ ಸುತ್ತಲಿನ ಕಲ್ಲಿಗಿಂತ ಮೊದಲು ಚೂರಾಗುತ್ತದೆ. ಒಡೆದ ಬೆಣಚಿನಲ್ಲಿ ಒಳ್ಳೆಯ ನೀರು ಸಿಕ್ಕುವುದುಂಟು. ಜೇಡಿ ತುಂಬಿದ ಬಿರುಕು ಮಾತ್ರ ಎಷ್ಟು ಅಗಲವಿದ್ದರೂ ನೀರು ಬಿಡುವುದು ಕಡಮೆ. ಇನ್ನು ಕರಿಕಲ್ಲಿನ ಡೈಕುಗಳು. ಇವು ನೆಲದೊಳಗೆ ಗೋಡೆಯಂತೆ ನಿಂತು ಒಂದು ಬದಿಯ ನೀರನ್ನು ತಡೆಯುವುದುಂಟು. ಪುಡಿ ಇದ್ದಕ್ಕಿದ್ದಂತೆ ಬೂದಿಯಿಂದ ಕಡುಕಪ್ಪಿಗೆ ತಿರುಗಿದರೆ ಆ ಅಡಿಯನ್ನು ತಪ್ಪದೆ ಬರೆದಿಡಬೇಕು.

ನಾಲ್ಕನೆಯದು ಹನಿ ನೀರಾವರಿ ಮಾಡಿದವರಿಗೆ ಸಂಬಂಧಿಸಿದ್ದು. ಬಾವಿಯಿಂದ ಬರುವಾಗ ತಿಳಿಯಾಗಿದ್ದ ನೀರು ತೊಟ್ಟಿಯಲ್ಲಿ ಒಂದು ರಾತ್ರಿ ನಿಂತರೆ ಕೆಂಪಾಗಿ, ಡ್ರಿಪ್ಪರುಗಳಲ್ಲಿ ಕೆಸರು ಕಟ್ಟುವ ತೊಂದರೆಯನ್ನು ಹಲವು ಸದಸ್ಯರು ಹೇಳಿದ್ದಾರೆ. ಆಳದಲ್ಲಿ ಗಾಳಿಯಿಲ್ಲದೆ ಕರಗಿದ್ದ ಕಬ್ಬಿಣ ಗಾಳಿ ತಾಗಿ ತುಕ್ಕಾಗುವುದೇ ಇದಕ್ಕೆ ಕಾರಣ. ಪುಡಿಯಲ್ಲಿ ಪೈರೈಟ್ ಮತ್ತು ಹಸಿರು ಕಲ್ಲು ಹೆಚ್ಚಾಗಿ ಕಂಡ ಬಾವಿಯವರು ಪೈಪು ಹಾಸುವ ಮೊದಲೇ ನೀರನ್ನು ಪರೀಕ್ಷೆ ಮಾಡಿಸಿ, ತೊಟ್ಟಿಗೆ ಚಿಮ್ಮಿಸಿ ನಿಲ್ಲಿಸಿ ಬಿಡುವ ವ್ಯವಸ್ಥೆ ಮಾಡಿಕೊಳ್ಳುವುದು ಮೇಲು.

ಆಕ್ಷೇಪಣೆಗಳಿಗೆ ಉತ್ತರ

ಇಷ್ಟು ಹೇಳಿದ ಮೇಲೆ ಕೆಲವು ಮಾತುಗಳನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಪುಡಿ ನೋಡಿ ಮುಂದಿನ ಬಾವಿಗೆ ಇಂಥಲ್ಲೇ ನೀರು ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಮೇಲೆ ಹೇಳಿದವೆಲ್ಲ ಸೂಚನೆಗಳು, ಕರಾರುಪತ್ರವಲ್ಲ. ಒಂದೇ ಗುರುತನ್ನು ನೆಚ್ಚಿ ಹಣ ಹಾಕಬಾರದು. ಸ್ವೀಡನ್ನಿನವರು ಇಡಿಯ ಕಲ್ಲಿನ ಕಂಬವನ್ನೇ ಹೊರತೆಗೆದು ನೋಡಿದರು, ನಮಗೆ ಸಿಗುವುದು ಜಜ್ಜಿದ ಪುಡಿ. ಪದರಗಳ ಕ್ರಮ ಪುಡಿಯಲ್ಲಿ ಪೂರ್ತಿಯಾಗಿ ಉಳಿಯುವುದಿಲ್ಲ. ತೆಂಗಿನಕಾಯಿ ಹಿಡಿದು ನೆಲ ತೋರಿಸುವವರನ್ನು ಹೀಗಳೆಯುವುದೂ ನಮ್ಮ ಉದ್ದೇಶವಲ್ಲ. ಯಾರಿಂದಲಾದರೂ ತೋರಿಸಿ, ಕೊರೆದ ಮೇಲೆ ಸಿಕ್ಕಿದ್ದನ್ನು ಮಾತ್ರ ಬರೆದಿಡಿ ಎನ್ನುತ್ತೇವೆ. ಆಗ ಯಾರ ಮಾತು ಎಷ್ಟು ಸಲ ಸರಿಬಂತೆಂಬುದಕ್ಕೂ ಲೆಕ್ಕ ಇರುತ್ತದೆ.

ನಮ್ಮದು ಮೂರೆಕರೆ ತೋಟ, ಕಲ್ಲಿನ ವಯಸ್ಸು ಕಟ್ಟಿಕೊಂಡು ನಮಗೇನು ಎಂದು ಕೇಳುವವರಿದ್ದಾರೆ. ಒಬ್ಬನ ಮೂರೆಕರೆಯ ಪುಡಿಯಿಂದ ಹೆಚ್ಚೇನೂ ಆಗುವುದಿಲ್ಲವೆಂಬುದು ನಿಜ. ಆದರೆ ಒಬ್ಬನ ಎರಡು ಮೂಟೆ ಅಡಿಕೆಯಿಂದಲೂ ಮಾರುಕಟ್ಟೆಯಲ್ಲಿ ಏನೂ ಆಗುತ್ತಿರಲಿಲ್ಲ, ಅದಕ್ಕೇ ಅಲ್ಲವೆ ನಮ್ಮ ಹಿರಿಯರು ಸಂಘ ಕಟ್ಟಿದ್ದು? ಒಂದು ಊರಿನ ಮೂವತ್ತು ಬಾವಿಗಳ ಪುಡಿ, ಅಡಿಯ ಲೆಕ್ಕದೊಂದಿಗೆ ಒಂದು ಕಡೆ ಸೇರಿದರೆ ಬಿರುಕುಗಳ ಸಾಲು ಯಾವ ದಿಕ್ಕಿಗಿದೆ, ಯಾವ ಆಳದ ಕೆಳಗೆ ಹೋಗುವುದು ದಂಡ ಎಂಬುದು ಮೆಲ್ಲಗೆ ತಿಳಿಯತೊಡಗುತ್ತದೆ. ಮೂವತ್ತೊಂದನೆಯವನು 480 ಅಡಿ ಹೋಗಿ ಸಾಲ ಮಾಡಿಕೊಳ್ಳುವುದು ತಪ್ಪಿದರೂ ನಮ್ಮ ಶ್ರಮ ಸಾರ್ಥಕ. ಪಕ್ಕದ ತೋಟದವರ ಬಾವಿ ಬತ್ತಿದ್ದು ನಮ್ಮ ಪಂಪಿನಿಂದಲೋ ಅಲ್ಲವೋ ಎಂಬ ಜಗಳಗಳು ಈಗ ಊರೂರಲ್ಲಿವೆ. ಎರಡೂ ಬಾವಿಗಳಲ್ಲಿ ಒಂದೇ ಬಗೆಯ ಬಿರುಕು ಸಿಕ್ಕಿದೆಯೇ ಎಂದು ನೋಡಲು ಪುಡಿಯಿದ್ದರೆ ಅಂಥ ಮಾತುಕತೆ ಸಿಟ್ಟಿಲ್ಲದೆ ನಡೆಯಬಹುದು.

ಮಾಡಬೇಕಾದದ್ದು

ಕೆಲಸ ಸುಲಭವಾದದ್ದು. ಬಾವಿ ಕೊರೆಯುವ ದಿನ ಮನೆಯವರೊಬ್ಬರು ನೋಟುಬುಕ್ಕು ಹಿಡಿದು ನಿಲ್ಲಬೇಕು. ರಾಡು ಬದಲಿಸುವಾಗಲೆಲ್ಲ, ಪುಡಿಯ ಬಣ್ಣ ಬದಲಾದಾಗಲೆಲ್ಲ ಮತ್ತು ನೀರು ಕಂಡಾಗ ತಪ್ಪದೆ, ಒಂದು ಹಿಡಿ ಪುಡಿಯನ್ನು ಹಿಡಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಬೇಕು. ಎಷ್ಟನೆಯ ಅಡಿಯದೆಂದು ಚೀಟಿ ಬರೆದು ಒಳಗೇ ಇಡಬೇಕು, ಪೆನ್ಸಿಲಿನಲ್ಲಿ ಬರೆದರೆ ಅಳಿಯುವುದಿಲ್ಲ. ಬಣ್ಣವನ್ನು ಅಂದೇ ಬರೆಯಬೇಕು, ಏಕೆಂದರೆ ಒದ್ದೆ ಪುಡಿ ಚೀಲದಲ್ಲಿ ನಾಲ್ಕು ದಿನ ಕೂತರೆ ಅದರಲ್ಲಿರುವ ಉಕ್ಕಿನ ಚೂರು, ಪೈರೈಟ್ ತುಕ್ಕು ಹಿಡಿದು ಇಲ್ಲದ ಕೆಂಪು ತೋರುತ್ತದೆ. ಸಾಧ್ಯವಾದರೆ ಒಣಗಿಸಿ ಕಟ್ಟಬೇಕು. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಮೂಗು ಬಾಯಿಗೆ ಒದ್ದೆಬಟ್ಟೆ ಕಟ್ಟದೆ, ಗಾಳಿ ಬೀಸುವ ಬದಿಗೆ ಯಾರೂ ನಿಲ್ಲಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಮನೆಯಲ್ಲಿಯೇ ನೋಡಲು ಬಯಸುವವರು ಒಂದು ಚಮಚ ಪುಡಿಯನ್ನು ಟೀ ಸೋಸುವ ಜಾಲರಿಯಲ್ಲಿ ತೊಳೆದು ಚೂರುಗಳನ್ನು ಬಿಸಿಲಿಗೆ ಹಿಡಿಯಲಿ. ಬಿಳಿಯ ಚೂರು ಗಾಜನ್ನು ಗೀರಿದರೆ ಬೆಣಚು ಇರಬಹುದು. ಚಾಕುವಿನ ಮೊನೆಗೆ ಸುಲಭವಾಗಿ ಗೀರು ಬಿದ್ದರೆ, ಪುಡಿಮಾಡಿ ನಿಂಬೆರಸ ಹಾಕಿದಾಗ ಸಣ್ಣಗೆ ನೊರೆ ಬಂದರೆ, ಸುಣ್ಣದ ಖನಿಜ. ಹೆಚ್ಚಿನದನ್ನು ತಿಳಿದವರಿಗೆ ಬಿಡೋಣ.

ಸಂಘದ ವತಿಯಿಂದ ನಾವು ಮುಂದಿನ ಮಹಾಸಭೆಯ ಮುಂದೆ ಮೂರು ಸಲಹೆಗಳನ್ನು ಇಡಲಿದ್ದೇವೆ. ಒಂದು, ಕಚೇರಿಯಲ್ಲಿ ಕೊಳವೆಬಾವಿ ರಿಜಿಸ್ಟರ್ ಒಂದನ್ನು ತೆರೆಯುವುದು. ನೀರು ಬಂದ ಬಾವಿಯಷ್ಟೇ ಬಾರದ ಬಾವಿಯನ್ನೂ ಅದರಲ್ಲಿ ಬರೆಯಬೇಕು, ಕಲಿಯುವುದು ಅದರಿಂದಲೇ ಹೆಚ್ಚು. ಎರಡು, ಗೋದಾಮಿನ ಒಂದು ಕಪಾಟನ್ನು ಪುಡಿಯ ಚೀಲಗಳಿಗೆ ಬಿಟ್ಟುಕೊಡುವುದು. ಮೂರು, ವರ್ಷಕ್ಕೊಮ್ಮೆ ಇವನ್ನು ನೋಡಿ ನಮಗೆ ತಿಳಿಸಿಕೊಡುವಂತೆ ಜಿಲ್ಲೆಯ ಅಂತರ್ಜಲ ಕಚೇರಿಯವರನ್ನೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಭೂವಿಜ್ಞಾನದ ಅಧ್ಯಾಪಕರನ್ನೂ ಬರೆದು ಕೇಳಿಕೊಳ್ಳುವುದು. ಇದಕ್ಕೆ ಸಂಘಕ್ಕೆ ತಗಲುವ ಖರ್ಚು ಒಂದು ಪುಸ್ತಕ, ಒಂದಿಷ್ಟು ಚೀಲ. ಸದಸ್ಯರಿಗೆ ತಗಲುವುದು ಒಂದು ದಿನದ ಗಮನ.

ಹೊಸ ಬಾವಿಯೇ ಬೇಡ, ಬೆಟ್ಟದಲ್ಲಿ ನೀರು ಇಂಗಿಸಿ, ಕೆರೆಯ ಹೂಳು ತೆಗೆಯಿರಿ ಎಂಬ ಹಿರಿಯರ ಮಾತನ್ನು ನಾವು ಮರೆತಿಲ್ಲ. ಅದು ಎಲ್ಲಕ್ಕಿಂತ ಮೊದಲಿನ ಕೆಲಸ, ಅದರ ಬಗ್ಗೆ ಹಿಂದೆಯೂ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಮಾರ್ಚಿಯಲ್ಲಿ ಸಸಿತೋಟ ಬಾಡುತ್ತಿರುವಾಗ, ಹೂಮಳೆ ಕೈಕೊಟ್ಟು ಕಾಫಿ ಗಿಡ ಕಾಯುತ್ತಿರುವಾಗ ಸದಸ್ಯರು ಬಾವಿ ಕೊರೆಸಿಯೇ ಕೊರೆಸುತ್ತಾರೆಂಬುದೂ ನಮಗೆ ಗೊತ್ತು. ಕೊರೆಸುವುದಾದರೆ ಕಣ್ಣು ಬಿಟ್ಟು ಕೊರೆಸೋಣ.

ನಮ್ಮ ಬತ್ತಿದ ಎರಡನೆಯ ಬಾವಿಯ ಬಾಯಿಗೆ ಮುಚ್ಚಳ ಹಾಕಿ ಭದ್ರ ಮಾಡಿದ್ದೇವೆ. ಅದರ ಸುತ್ತ ಬಿದ್ದಿದ್ದ ಪುಡಿಯಲ್ಲಿ ಮಳೆಗೆ ಕೊಚ್ಚಿಹೋಗದೆ ಉಳಿದದ್ದನ್ನು ಮೊನ್ನೆ ಒಂದು ಚೀಲಕ್ಕೆ ತುಂಬಿದೆವು. ಯಾವ ಚೂರು ಎಷ್ಟನೆಯ ಅಡಿಯದೆಂದು ಇನ್ನು ಯಾರಿಗೂ ಹೇಳಲು ಬಾರದು. ಆದರೂ ರಿಜಿಸ್ಟರಿನ ಮೊದಲ ಪುಟದಲ್ಲಿ ಅದನ್ನೇ ಬರೆಯುತ್ತೇವೆ: ಆಳ 480 ಅಡಿ, ನೀರಿಲ್ಲ, ಅಡಿವಾರು ವಿವರ ಇಟ್ಟಿಲ್ಲ. ಎರಡನೆಯ ಪುಟವನ್ನು ನಿಮ್ಮಲ್ಲಿ ಯಾರಾದರೂ ಪೂರ್ತಿ ವಿವರದೊಂದಿಗೆ ತುಂಬಬೇಕೆಂದು ಕೋರುತ್ತೇವೆ.